ಗುಲಾಬಕ್ಕನ ಬಸಳೆ ಪಥ್ಯ

ಗುಲಾಬಕ್ಕನ ಲೋಹದ ಹೃದಯಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದಿತ್ತು. ಇಲ್ಲವೇ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದಿತ್ತು. ವೈದ್ಯರಿಗೆ ಸಿಟ್ಟು ಬಂದು ನನ್ನ ಕೆಲಸ ಹೋಗಬಹುದಿತ್ತು. ನನ್ನ ಅನುಮಾನವೇ ಸುಳ್ಳಾಗಿ ಆಸ್ಪತ್ರೆಯೆಲ್ಲ ನಗಬಹುದಿತ್ತು. ಇಷ್ಟನ್ನೂ ನಾನು ಒಂದು ಮಹಡಿ ಹತ್ತುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ. ಚಿಂತೆಯ ವಿಷಯದಲ್ಲಿ ನಾನು ನುರಿತ ಕೈ.

ಎರಡು ವರ್ಷದ ಹಿಂದಿನ ಮಾತು. ಕುಂದಾಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಹಿರಿಯ ಫಾರ್ಮಸಿಸ್ಟ್. ಯಾವ ಔಷಧಕ್ಕೆ ಯಾವುದು ಆಗದು ಎಂದು ನೋಡುವುದೂ ನಮ್ಮ ಓದಿನ ಭಾಗ. ಜನರಿಗೆ ಮಾತ್ರ ನಾನು 'ಮೆಡಿಕಲ್ಲಿನವ', ಚೀಟಿ ನೋಡಿ ಮಾತ್ರೆ ಕತ್ತರಿಸುವವ. ಆಸ್ಪತ್ರೆಯ ಅಭಿಪ್ರಾಯವೂ ಬಹಳ ಬೇರೆಯಲ್ಲ.

ಗುಲಾಬಕ್ಕ ಪಕ್ಕದ ಕಡಲೂರು ಕೋಡಿಯವರು, ಮೀನು ಮಾರುವವರು. ಕವಾಟ ಬದಲಿಸಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುತ್ತಿದ್ದರು. ಅದರ ಪರಿಣಾಮ ತಿಳಿಸುವ ರಕ್ತಪರೀಕ್ಷೆ ಐಎನ್‌ಆರ್. ಎರಡನೆಯ ಸಲವೂ ಅದು ಕಡಿಮೆ ಬಂದದ್ದರಿಂದ, ಮದ್ದು ಸಾಲದೆಂದು ವೈದ್ಯರು ಡೋಸ್ ಮತ್ತೆ ಏರಿಸಿದ್ದರು. ಚೀಟಿ ನೋಡಿ ನನಗೆ ದಿಗಿಲಾಯಿತು. ಊಟಕ್ಕೆ ಎಂತ ಎಂದು ಕೇಳಿದೆ.

"ಮೀನ್ ಬಿಟ್ಟೆ. ಇಷ್ಟ್ ದೊಡ್ಡ ಮದ್ದ್ ತಿಂಬತಿಗೆ ಪಥ್ಯ ಬ್ಯಾಡ್ದಾ? ದಿನಾ ಬಸ್ಳಿ, ಹರ್ಗಿ ಸೊಪ್ಪ್. ಮಾರೂದ್ ಬಂಗ್ಡಿ ಮೀನ್, ತಿಂಬುದ್ ಹುಲ್ಲ್."

"ಎಷ್ಟು ದಿನ ಹೀಗೆ?"

"ಹ್ವಾಯ್, ಬಪ್ಪ ವಾರ ತಮ್ಮನ್ ಮಗ್ಳ ಮದಿ. ಮತ್ತೆ ಬಸ್ಳಿ ಮುಖ ಕಾಂಬುದಿಲ್ಲ."

ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ನಿನ ಬಲ ಕುಗ್ಗಿಸುತ್ತದೆ. ಏರಿಸಿದ ಡೋಸ್ ಹಾಗೇ ಇದ್ದು ಸೊಪ್ಪು ಒಮ್ಮೆಲೇ ನಿಂತರೆ ರಕ್ತಸ್ರಾವದ ಭಯ. ಕೌಂಟರ್ ಬಿಟ್ಟು ಮೇಲೆ ಓಡಿದೆ.

"ನೀವು ಮಾತ್ರೆ ಕೊಡಿ ಮಾರಾಯ್ರೇ. ಪೇಷಂಟನ್ನು ನಾವು ನೋಡ್ತೇವಲ್ಲ" ಎಂದರು ವೈದ್ಯರು.

"ಎಂತ ತಿಂತಾರೆ ಅಂತ ಒಂದು ಸಲ ಕೇಳಿ ಸರ್. ಆಮೇಲೆ ಬೈಯಿರಿ."

ಗುಲಾಬಕ್ಕನನ್ನು ಕರೆಸಿ ಕೇಳಿದರು. ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಹಳೆಯ ಡೋಸ್ ಬರೆದು, ಐಎನ್‌ಆರ್ ಸರಿಹೋಗುವ ತನಕ ರಕ್ತ ಹೆಪ್ಪುಗಟ್ಟದಂತೆ ಇಂಜೆಕ್ಷನ್ ಕೊಡಿಸಿದರು. ಮೊದಲಿನಂತೆ ಮೀನು ತಿನ್ನಿ, ಸೊಪ್ಪು ಮಿತವಾಗಿರಲಿ, ಆದರೆ ಒಂದೇ ಸಮ ಇರಲಿ ಎಂದರು. ಮುಂದಿನ ಪರೀಕ್ಷೆಗಳು ಸರಿಬಂದವು. ಗುಲಾಬಕ್ಕ ಮದುವೆಯಲ್ಲಿ ಹೊಟ್ಟೆ ತುಂಬಾ ಉಂಡರಂತೆ.

ರೋಗಿಯನ್ನು ಕೇಳುವುದೂ ಮದ್ದು ಕೊಡುವುದರೊಳಗೇ ಬರುತ್ತದೆ. ಕೆಲಸ ನನಗೆ ಕಲಿಸಿದ್ದು ಇದನ್ನೇ. ಮೇಲಿನವರಿಗೆ ಇದನ್ನು ಕಲಿಸುವುದು ಮಾತ್ರ ನನ್ನಿಂದ ಆಗಿಲ್ಲ. ಹೆದರಿದ್ದರಲ್ಲಿ ಒಂದೂ ನಡೆಯಲಿಲ್ಲ. ನಡೆದದ್ದು ಇಷ್ಟೇ: ನಾನು ಮೇಲಿದ್ದಾಗ ಸಾಲಿನಲ್ಲಿದ್ದ ಒಬ್ಬರು ಬೇಸತ್ತು, ಎದುರಿನ ಅಂಗಡಿಯಲ್ಲಿ ಕೆಮ್ಮಿನ ಸಿರಪ್ ಕೊಂಡರು. ಮ್ಯಾನೇಜರ್ ನನ್ನನ್ನು ಕರೆಸಿದರು. ನಡೆದದ್ದನ್ನು ವಿವರವಾಗಿ ಹೇಳಿದೆ.

"ಅದೆಲ್ಲ ಸರಿ," ಎಂದರು, "ಆಗ ಕೌಂಟರಿನಲ್ಲಿ ಯಾರಿದ್ರು?"