ತಡವಾಗಿ ಬರುತ್ತಿದ್ದ ಐದನೇ ಸ್ವರ

ಆರ್ಕೆಸ್ಟ್ರಾದವರು ಅವನನ್ನು ಗಡಿಯಾರ ಅಂತಲೇ ಕರೆಯುತ್ತಿದ್ದರು. ಮೂವತ್ತು ವರ್ಷ ಕೀಬೋರ್ಡ್ ನುಡಿಸಿದವನು, ಒಂದು ದಿನವಾದರೂ ತಾಳ ತಪ್ಪಿದ್ದರೆ ಕೇಳಿ! ಹಾಡುವವನು ಕುಡಿದು ಬಂದಿರಲಿ, ಡ್ರಮ್ಸಿನವನ ಕಣ್ಣು ಊಟದ ಕಡೆ ನೆಟ್ಟಿರಲಿ, ಇವನ ಬೆರಳು ಕೂದಲೆಳೆಯಷ್ಟೂ ಅತ್ತಿತ್ತ ಆಗುತ್ತಿರಲಿಲ್ಲ.

ಹೆಂಡತಿ ಸತ್ತ ಮೇಲೂ ಹಾಗೇ ಇದ್ದ. ಎದ್ದ, ಉಂಡ, ಬಟ್ಟೆ ಒಗೆದ, ಮಡಚಿಟ್ಟ. ನೋಡಿಕೊಳ್ಳಲೆಂದು ಬಂದಿದ್ದ ಅವನ ಅಕ್ಕನಿಗೆ ಅದೇ ದಿಗಿಲು.

"ಒಂದ್ಸಲ ಅತ್ತುಬಿಡೋ ಪುಣ್ಯಾತ್ಮ, ಎದೆ ಹಗುರಾಗತ್ತೆ."

"ಅಳು ಬಂದ್ರೆ ತಾನೇ ಅಕ್ಕ, ಅಳೋದು?"

ಸುಳ್ಳೇನಲ್ಲ. ಜೋಮು ಹಿಡಿದ ಕಾಲಿನಂತೆ, ಚುಚ್ಚಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಕಿಟಕಿ ಪಕ್ಕದಲ್ಲಿ ಅವನ ಹಳೆಯ ಕೀಬೋರ್ಡ್ ಇತ್ತು. ಹೊಸದರಲ್ಲಿ ಅದರ ಗತ್ತೇನು, ಗಮ್ಮತ್ತೇನು! ಪಿಟೀಲು, ಕೊಳಲು, ಡ್ರಮ್ಸು ಎಲ್ಲ ಅದರ ಹೊಟ್ಟೆಯೊಳಗೇ. ಒಬ್ಬನೇ ಕೂತು ಒಂದರ ಮೇಲೊಂದು ಹದಿನಾರು ಪದರ ನುಡಿಸಿಟ್ಟರೆ ಇಡೀ ಆರ್ಕೆಸ್ಟ್ರಾ ತಯಾರು. ಆದರೆ ಅದು ಟೇಪ್ ರೆಕಾರ್ಡರಿನ ಹಾಗೆ ಸದ್ದು ಹಿಡಿಯುವ ಯಂತ್ರವಲ್ಲ. ಯಾವ ಕೀ ಒತ್ತಿದಿರಿ, ಯಾವಾಗ ಒತ್ತಿದಿರಿ, ಮೆಲ್ಲಗೋ ಜೋರಾಗೋ, ಬೆರಳು ಯಾವಾಗ ಎತ್ತಿದಿರಿ, ಅಷ್ಟನ್ನು ನೆನಪಿಟ್ಟುಕೊಂಡು ಮತ್ತೆ ಹಾಗೇ ನುಡಿಸುತ್ತದೆ.

ಅದರಲ್ಲಿ ಹೆಂಡತಿಯದ್ದೊಂದು ರಾಗವಿತ್ತು. ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದು ಎರಡೇ ಬೆರಳಲ್ಲಿ ನುಡಿಸಿದ್ದು. ನಾಲ್ಕು ಸ್ವರ ಸಲೀಸು. ಐದನೆಯದು ಕರಿ ಕೀ. ಹುಡುಕಾಡಿ, ಸಿಕ್ಕ ಖುಷಿಗೆ ಧಡ್ಡನೆ ಒತ್ತುತ್ತಿದ್ದಳು.

"ನೀನು ಹಿಂಗೆ ನುಡಿಸಿದ್ರೆ ಬಸ್ಸೇ ಹೊರಟೋಗತ್ತೆ ಕಣೇ" ಅಂತ ರೇಗಿಸಿದರೆ, "ಹೋಗ್ಲಿ ಬಿಡಿ, ಇನ್ನೊಂದು ಬರತ್ತೆ" ಅನ್ನುತ್ತಿದ್ದಳು.

ಈಗ ದಿನಾ ಸಂಜೆ ಅದನ್ನು ಹಾಕಿಕೊಂಡು ಕೂರುತ್ತಿದ್ದ. ಐದನೇ ಸ್ವರ ಬರದೆ ಸತಾಯಿಸುವ ಆ ಒಂದು ಗಳಿಗೆ, ಅವಳು ಪಕ್ಕದಲ್ಲೇ ಬಗ್ಗಿ ಕೀ ಹುಡುಕುತ್ತಿದ್ದಾಳೆ ಅನ್ನಿಸುತ್ತಿತ್ತು. ಇಡೀ ದಿನದಲ್ಲಿ ಅವನಿಗೆ ಏನಾದರೂ ಅನ್ನಿಸುತ್ತಿದ್ದದ್ದು ಆಗ ಮಾತ್ರ.

ಒಂದು ಬೆಳಿಗ್ಗೆ ಪುಟ್ಟ ಪರದೆಯ ಮೇಲೆ, ಒಳಗಿನ ಬ್ಯಾಟರಿ ಮುಗಿಯುತ್ತಿದೆ ಅಂತ ಬಂತು. ಗಾಬರಿಯಾಗಿ ರಿಪೇರಿಯವನಿಗೆ ಫೋನ್ ಮಾಡಿದ.

"ಬ್ಯಾಟರಿ ಹಾಕೋದು ಚಿಟಿಕೆ ಹೊಡೆಯೋಷ್ಟರ ಕೆಲಸ ಅಣ್ಣ. ಆದ್ರೆ ಹಳೇದು ತೆಗೆದ ತಕ್ಷಣ ಒಳಗಿರೋದೆಲ್ಲ ಅಳಿಸಿಹೋಗತ್ತೆ. ಬೇಕಾದ್ದನ್ನ ಮೊದ್ಲು ಫ್ಲಾಪಿಗೆ ಹಾಕ್ಕೊಂಡುಬಿಡಿ."

ಕಪಾಟನ್ನೆಲ್ಲ ಜಾಲಾಡಿ ಒಂದು ಫ್ಲಾಪಿ ಹುಡುಕಿದ. ಅವಳ ರಾಗ ತೆರೆದ. ಬೆರಳುಗಳು ತಮ್ಮ ಪಾಡಿಗೆ ತಾವು ಓಡಿದವು: ಒಂದು ಗುಂಡಿ, ಇನ್ನೊಂದು, ಕೊನೆಗೆ ಸೇವ್. ಯಂತ್ರ ಗೊರಗೊರ ಅಂದು ಸುಮ್ಮನಾಯಿತು. ಮಧ್ಯಾಹ್ನ ರಿಪೇರಿಯವನು ಬಂದು ಬ್ಯಾಟರಿ ಬದಲಿಸಿ, ಟೀ ಕುಡಿದು ಹೋದ.

ಸಂಜೆ ಫ್ಲಾಪಿ ತೂರಿಸಿ ರಾಗ ಹಾಕಿದ. ನಾಲ್ಕು ಸ್ವರ ಬಂದವು. ಐದನೆಯದೂ ಟಕ್ಕನೆ ಬಂತು, ನೆಟ್ಟಗೆ ತಾಳದ ಮೇಲೆ.

ಅಯ್ಯೋ ದೇವರೇ! ಸೇವ್ ಮಾಡುವ ಮುಂಚೆ ಕ್ವಾಂಟೈಸ್ ಒತ್ತುವುದು ಅವನ ಕೈಗೆ ಅಂಟಿದ ರೂಢಿ. ಹಿಂದೆಮುಂದೆ ಆದ ಸ್ವರಗಳನ್ನೆಲ್ಲ ಎಳೆದು ತಂದು ತಾಳಕ್ಕೆ ಕೂರಿಸುವ ಗುಂಡಿ ಅದು. ಮೂವತ್ತು ವರ್ಷದಿಂದ ಊರವರ ತಪ್ಪನ್ನೆಲ್ಲ ಹಾಗೇ ತಿದ್ದುತ್ತ ಬಂದಿದ್ದ. ಇವತ್ತೂ ಒತ್ತಿದ್ದ, ಒತ್ತಿದ್ದು ಅವನಿಗೇ ಗೊತ್ತಾಗಿರಲಿಲ್ಲ.

ಒಳಗಿಂದ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. "ಇವತ್ತು ಎಷ್ಟು ಚೆನ್ನಾಗಿ ಕೇಳಿಸ್ತಿದೆ ಕಣೋ! ಪರವಾಗಿಲ್ವೇ, ಚೆನ್ನಾಗೇ ನುಡಿಸ್ತಿದ್ಲು."

ಅವನು ಯಂತ್ರ ನಿಲ್ಲಿಸಿದ. ತಾನೇ ಎರಡು ಬೆರಳಿಟ್ಟು ಅವಳ ಹಾಗೆ ನುಡಿಸಿ ನೋಡಿದ. ಐದನೆಯದಕ್ಕೆ ಬೇಕೆಂದೇ ತಡೆದ. ಬೆರಳು ಮಾತು ಕೇಳಲಿಲ್ಲ, ತಾಳಕ್ಕೇ ಹೋಗಿ ಬಿತ್ತು. ಇನ್ನೊಮ್ಮೆ ನುಡಿಸಿದ. ಆಗಲೂ ಸರಿಯಾಗೇ ಬಂತು.

"ಅವಳಿಗೆ ನುಡಿಸಕ್ಕೆ ಬರ್ತಿರ್ಲಿಲ್ಲ ಅಕ್ಕ" ಅಂದ. "ಒಂಚೂರೂ ಬರ್ತಿರ್ಲಿಲ್ಲ."

ಅಂದವನು ಕೀಬೋರ್ಡಿನ ಮೇಲೆ ತಲೆಯಿಟ್ಟು ಗೊಳೋ ಅಂತ ಅತ್ತ.