ಮೆಟ್ಟಿಲ ತಿರುವಿನ ಬಾಗಿಲು

ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲೆಲ್ಲ ನಗು ಬರುತ್ತಿತ್ತು. ಹಳೆಯ ಕಟ್ಟಡಗಳ ಅಳತೆ ತೆಗೆದು ನಕ್ಷೆ ಮಾಡುವುದು ನನ್ನ ಕೆಲಸ. ಲಂಡನ್ನಿನಲ್ಲಿ ಇಂಥ ಮನೆಗಳಿಗೆ ಹೋದಲ್ಲೆಲ್ಲ ಯಾರಾದರೊಬ್ಬರು ದನಿ ತಗ್ಗಿಸಿ, ಮೇಲಿನ ಕೋಣೆಯಲ್ಲಿ ಯಾರೋ ಓಡಾಡುತ್ತಾರೆ ಎಂದು ಶುರು ಮಾಡುತ್ತಾರೆ. ಹಳೆಯ ಮರ ಚಳಿಗೆ ಕುಗ್ಗಿದರೆ ಸದ್ದು ಮಾಡುತ್ತದೆ, ಮುಚ್ಚಿದ ಚಿಮಣಿಯಲ್ಲಿ ಗಾಳಿ ಸಿಕ್ಕಿಕೊಂಡರೆ ನರಳುತ್ತದೆ ಎಂದು ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ. ಧಾರವಾಡದವಳು ನಾನು, ಮಾತು ಸ್ವಲ್ಪ ಖಡಕ್ಕು. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಮಗಳು ಚಿನ್ಮಯಿಗೆ, ನಮ್ಮ ಚಿನ್ನುವಿಗೆ, ಆಗ ಏಳು ವರ್ಷ. ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಊಟ ಮಾಡ್ತೀಯೇನವಾ?" ಎಂದರೆ "ನಾಟ್ ಹಂಗ್ರಿ, ಮಮ್". ಹುಟ್ಟಿದಾಗಿನಿಂದ ಒಂದು ಸಲವೂ ನನ್ನನ್ನು ಅಮ್ಮಾ ಎಂದು ಕರೆದವಳಲ್ಲ. ಊರಿನಿಂದ ನನ್ನ ತಾಯಿ ವಿಡಿಯೋ ಕಾಲ್ ಮಾಡಿದಾಗಲೆಲ್ಲ, "ಮೊಮ್ಮಗಳ ಕೂಡ ಮಾತಾಡಾಕ ನಾ ಈ ವಯಸ್ಸಿನ್ಯಾಗ ಇಂಗ್ಲಿಷ್ ಕಲೀಬೇಕೇನು?" ಎನ್ನುತ್ತಿದ್ದಳು. ನಾನು ನಕ್ಕು ಹಾರಿಸುತ್ತಿದ್ದೆ. ಆದರೆ ನಿಜ ಹೇಳುತ್ತೇನೆ, ಅಮ್ಮಾ ಎಂಬ ಆ ಒಂದು ಮಾತಿಗಾಗಿ ನಾನು ಕಾದೇ ಇದ್ದೆ.

ಶಾಲೆಗೆ ಚಳಿಗಾಲದ ಒಂದು ವಾರದ ಹಾಫ್ ಟರ್ಮ್ ರಜೆ. ಗಂಡನಿಗೆ ಆಸ್ಪತ್ರೆಯ ಡ್ಯೂಟಿ. ಕೊಲಿಂಡೇಲಿನ ನಮ್ಮ ಫ್ಲ್ಯಾಟಿನಲ್ಲಿ ಅವಳನ್ನು ಒಬ್ಬಳೇ ಬಿಡುವಂತಿಲ್ಲ. ಕೈಗೆ ಬಣ್ಣದ ಪೆನ್ಸಿಲ್ ಡಬ್ಬಿ ಕೊಟ್ಟು ಕೆಲಸಕ್ಕೇ ಕರೆದುಕೊಂಡು ಹೋದೆ.

ಅದು ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಮನೆಗಳ ಸಾಲು. ಇನ್ನೂರು ವರ್ಷಕ್ಕೂ ಹಳೆಯದು, ಸರಕಾರದ ರಕ್ಷಣೆಯಲ್ಲಿರುವುದು. ರಸ್ತೆಯಿಂದ ನೋಡಿದರೆ ಇಡೀ ಸಾಲು ಒಂದೇ ಅರಮನೆ. ಮನೆಯಿಂದ ಮನೆಗೆ ಕಿಟಕಿಗಳು ಒಂದೇ ಸಮ. ಮೊದಲನೆಯ ಮಹಡಿಯಲ್ಲಿ ಆಳೆತ್ತರ, ಮೇಲೆ ಹೋದಂತೆ ಗಿಡ್ಡ, ಆಳುಗಳು ಮಲಗುತ್ತಿದ್ದ ತುದಿಯ ಮಹಡಿಯಲ್ಲಿ ಅಂಗೈ ಅಗಲ. ಕೌನ್ಸಿಲ್ ಒಪ್ಪದೆ ಬಾಗಿಲಿನ ಹಿಡಿಕೆಯನ್ನೂ ಬದಲಿಸುವಂತಿಲ್ಲ. ಆದರೆ ಈ ಅಂದಚೆಂದವೆಲ್ಲ ಮುಂದಿನಿಂದ ಮಾತ್ರ. ಹಿಂಭಾಗದಲ್ಲಿ, ಈ ರಕ್ಷಣೆ ಬರುವ ಮೊದಲೇ, ಒಬ್ಬೊಬ್ಬರೂ ತಮಗೆ ಬೇಕಾದಂತೆ ಕೋಣೆ ಸೇರಿಸಿಕೊಂಡಿದ್ದಾರೆ, ಕೆಡವಿದ್ದಾರೆ. ಸಾಲಿನ ನಡುವಿನ ಒಂದು ಖಾಲಿ ಮನೆಯ ಅಳತೆಗೆ ನಾವು ಹೋಗಿದ್ದು. ಮಾಲೀಕರು ಕೊಟ್ಟ ಹಳೆಯ ನಕ್ಷೆ ಕೈಯಲ್ಲಿತ್ತು. ಹಿಂಭಾಗವನ್ನು ನಾನಿನ್ನೂ ನೋಡಿರಲಿಲ್ಲ.

ಚಿನ್ನುವನ್ನು ಕೆಳಗಿನ ಮೆಟ್ಟಿಲಿನ ಮೇಲೆ ಕೂರಿಸಿ, "ಇಲ್ಲಿಂದ ಏಳಬ್ಯಾಡ ಮತ್ತ" ಎಂದು ಗದರಿಸಿ ಮೇಲೆ ಹೋದೆ. ಎರಡನೆಯ ಮಹಡಿಯ ಕಿಟಕಿ ಅಳೆಯುತ್ತಿದ್ದಾಗ ಬೆಳಕು ಕಡಿಮೆಯಾಯಿತು. ಇಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನದ ಚಹಾದ ಹೊತ್ತಿಗೇ ಕತ್ತಲೆ ಕವಿಯುತ್ತದೆ. ಮನೆಯಲ್ಲಿ ಕರೆಂಟ್ ಇರಲಿಲ್ಲ. ಮಗು ಹೆದರೀತು ಎಂದು ಕಟಾಂಜನದ ಮೇಲಿಂದ ಬಗ್ಗಿ ನೋಡಿದೆ. ಮೆಟ್ಟಿಲ ಮೇಲೆ ಪೆನ್ಸಿಲ್‌ಗಳಿದ್ದವು, ಅವಳಿರಲಿಲ್ಲ.

"ಚಿನ್ನೂ, ಎಲ್ಲಿದ್ದೀ?" ಎಂದು ಕೂಗಿದೆ.

"ಇಲ್ಲೇ ಅದೀನಿ ಅಮ್ಮಾ, ಬಾ."

ನನ್ನ ತಲೆಯ ಮೇಲಿನಿಂದ ಬಂತು ದನಿ. ನನ್ನ ಮಗಳದೇ, ಅನುಮಾನವೇ ಇಲ್ಲ. ನನಗೆ ಮೊದಲು ಆದದ್ದು ಭಯವಲ್ಲ, ಖುಷಿ. ಅಮ್ಮಾ ಎಂದಳಲ್ಲ! ನನ್ನ ಕೂಸು ನಮ್ಮೂರ ಮಾತು ಆಡಿತಲ್ಲ! ಕಣ್ಣು ತುಂಬಿ ಬಂತು. ಎರಡೆರಡು ಮೆಟ್ಟಿಲು ಹಾರಿಕೊಂಡು ಹತ್ತಿದೆ. ಮೆಟ್ಟಿಲು ತಿರುಗುವಲ್ಲಿ ಒಂದು ಕಿರಿದಾದ ಬಾಗಿಲಿತ್ತು. ನಕ್ಷೆಯಲ್ಲೂ ಅಲ್ಲಿ ಸಣ್ಣದೊಂದು ಕೋಣೆ ಬರೆದಿತ್ತು. ಚಿಲಕ ಎಳೆದೆ. ತುಕ್ಕು ಹಿಡಿದು ಬಿಗಿದಿತ್ತು, ಕಷ್ಟಪಟ್ಟು ಅರ್ಧ ಜರುಗಿತು.

ಆಗ ಹೊಳೆಯಿತು. ಚಿಲಕ ನನ್ನ ಕಡೆ ಇದೆ. ಒಳಗಿರುವ ಮಗು ಹೊರಗಿನ ಚಿಲಕ ಹಾಕಿಕೊಂಡದ್ದು ಹೇಗೆ?

"ಲಗೂ ಬಾ ಅಮ್ಮಾ," ಎಂದಿತು ದನಿ, ಬಾಗಿಲಿಗೆ ಬಾಯಿ ಹಚ್ಚಿ ಹೇಳಿದಂತೆ.

ಅದೇ ಕ್ಷಣ ಕೆಳಗೆ, ತೀರಾ ಕೆಳಗೆ, ನೆಲಮಾಳಿಗೆಯ ಅಡುಗೆಮನೆಯಿಂದ ಇನ್ನೊಂದು ದನಿ ಬಂತು. "ಮಮ್, ಹೂ ಆರ್ ಯು ಟಾಕಿಂಗ್ ಟು?"

ದೇವರೇ, ಎರಡೂ ನನ್ನ ಮಗಳ ದನಿಯೇ! ಮೇಲಿನದು ನಾನು ಏಳು ವರ್ಷ ಬೇಡಿಕೊಂಡದ್ದು, ಕೆಳಗಿನದು ದಿನಾ ಕೇಳುವುದು. ಕೆಳಕ್ಕೆ ಓಡಿದೆ. ಹೇಗೆ ಇಳಿದೆನೋ ಗೊತ್ತಿಲ್ಲ. ಅವಳನ್ನು ಎತ್ತಿಕೊಂಡು, ಚೀಲ, ಟೇಪು ಎಲ್ಲ ಅಲ್ಲೇ ಬಿಟ್ಟು ಹೊರಗೆ ರಸ್ತೆಗೆ ಧಾವಿಸಿದೆ.

ಟ್ಯೂಬ್ ರೈಲಿನಲ್ಲಿ ಅವಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ನೋವಾಗುತ್ತದೆ ಎಂದು ಬಿಡಿಸಿಕೊಂಡಳು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದಳು: ನೀನು ಯಾಕೆ ನನ್ನ ಹಾಗೆ ದನಿ ಮಾಡಿ ಮಾತಾಡುತ್ತಿದ್ದೆ?

ಮರುದಿನ ನನ್ನ ಚೀಲ ತರಲು ಹೋದ ಸಹೋದ್ಯೋಗಿ, ನಾನು ಹೇಳಿದ್ದ ಆ ಬಾಗಿಲು ತೆಗೆದು ನೋಡಿ ಫೋನ್ ಮಾಡಿದ. ಅಲ್ಲಿ ಕೋಣೆಯೇ ಇರಲಿಲ್ಲ. ಹಿಂಭಾಗದ ಆ ಕೋಣೆಯನ್ನು ಬಿರುಕು ಬಿಟ್ಟಿತೆಂದು ಎಂದೋ ಕೆಡವಿದ್ದರು. ಆಮೇಲೆ ಮನೆ ಸರಕಾರದ ರಕ್ಷಣೆಗೆ ಬಂದದ್ದರಿಂದ ಬಾಗಿಲನ್ನು ಮುಚ್ಚಿ ಗೋಡೆ ಕಟ್ಟಲು ಅಪ್ಪಣೆ ಸಿಗದೆ ಹಾಗೇ ಬಿಟ್ಟಿದ್ದರು. ಹೊಸ್ತಿಲಿನಾಚೆ ನೆಲವೇ ಇಲ್ಲ, ಬಹಳ ಕೆಳಗೆ ಹಿತ್ತಲಿನ ಹಾಸುಗಲ್ಲು. ನಾನಿದ್ದ ಆತುರಕ್ಕೆ ಬಾಗಿಲು ತೆರೆದಿದ್ದರೆ ಕಾಲು ನಿಲ್ಲುತ್ತಿರಲಿಲ್ಲ.

ಮನಸ್ಸಿನ ಆಸೆಯೇ ಕಿವಿಗೆ ಕೇಳಿಸಿತು ಎಂದು ಗಂಡ ಹೇಳಿದರು. ಇರಬಹುದು. ಆದರೆ ನೆಲಮಾಳಿಗೆಯಲ್ಲಿದ್ದ ಮಗುವಿಗೂ ಅದು ಕೇಳಿಸಿತಲ್ಲ? ಅಥವಾ ಅವಳು ಅಂದಂತೆ ನಾನೇ ಅವಳ ದನಿಯಲ್ಲಿ ಮಾತಾಡಿದೆನೇ? ಇಂದಿಗೂ ನನಗೆ ತಿಳಿದಿಲ್ಲ, ಯಾರನ್ನು ಕೇಳುವುದೆಂದೂ ತಿಳಿದಿಲ್ಲ.

ಈಗ ಚಿನ್ನುವಿಗೆ ಹನ್ನೆರಡು. ಅಜ್ಜಿಯ ಜೊತೆ ಮಾತಾಡಬೇಕೆಂದು ತಾನಾಗಿಯೇ ಕನ್ನಡ ಕಲಿಯುತ್ತಿದ್ದಾಳೆ. ಮೊನ್ನೆ ಊಟಕ್ಕೆ ಕರೆದಾಗ, ಮುಚ್ಚಿದ ಕೋಣೆಯೊಳಗಿಂದ "ಬಂದೆ ಅಮ್ಮಾ" ಎಂದಳು. ನನ್ನ ಕೈಯಿಂದ ತಟ್ಟೆ ಜಾರಿತು. ಹೊರಗೆ ಬಾ, ನಿನ್ನ ಮುಖ ತೋರಿಸು ಎಂದು ಇಂಗ್ಲಿಷಿನಲ್ಲಿ ಕಿರುಚಿದೆ. ಬಾಗಿಲು ತೆರೆದು ನಿಂತಳು, ಮುಖ ಚಿಕ್ಕದು ಮಾಡಿಕೊಂಡು.

"ತಪ್ಪು ಹೇಳಿದ್ನಾ ಅಮ್ಮಾ?" ಎಂದಳು.

"ಇಲ್ಲವಾ, ಭಾಳ ಛಂದ ಹೇಳಿದಿ" ಎಂದೆ. ಹತ್ತಿರ ಹೋಗಿ ಅವಳ ಕೆನ್ನೆ ಮುಟ್ಟಿ ನೋಡಿದ ಮೇಲೆ.