ಇಸ್ತ್ರಿ ಹಾಕಿದರೆ ಮಂಕಾಗುವ ದೀಪ

ನಾನು ವೈರಿಂಗ್ ಗುತ್ತಿಗೆದಾರರ ಬಳಿ ಕೂಲಿಯವನು. ಊರವರ ಮನೆಗೆಲ್ಲ ಬೆಳಕು ಕೊಟ್ಟು, ನನ್ನ ಕೋಣೆಯಲ್ಲಿ ಸುಟ್ಟುಹೋದ ಬಲ್ಬಿನ ಕೆಳಗೆ ತಡಕಾಡುತ್ತ ಬದುಕುವ ಜಾತಿ. ಕೋಣೆ ಇರುವುದು ಹೊಲಿಗೆ ದೊಡ್ಡಮ್ಮನ ಮಹಡಿಯಲ್ಲಿ. ದೊಡ್ಡಮ್ಮ ನನಗೆ ಸಂಬಂಧಿಯಲ್ಲ, ಬೀದಿಗೆಲ್ಲ ದೊಡ್ಡಮ್ಮ. ಅಂಗಿಗೆ ಅಳತೆ ತೆಗೆಯುವಾಗ, "ಹೊಟ್ಟೆ ಒಳಗೆ ಎಳ್ಕೋಬೇಡ, ಟೇಪಿಗೆ ಎಲ್ಲಾ ಗೊತ್ತಾಗುತ್ತೆ" ಎನ್ನುವವರು.

ಮೊದಲು ನನ್ನ ಕೋಣೆಯಲ್ಲಿ ಅವರ ತಂಗಿ ಇದ್ದರಂತೆ. ಅಕ್ಕ ಕೆಳಗೆ ಹೊಲಿಯುವುದು, ತಂಗಿ ಮೇಲೆ ಇಸ್ತ್ರಿ ಮಾಡುವುದು. ನಲವತ್ತು ದಾಟಿದ ಮೇಲೆ ತಂಗಿ ಮದುವೆಯಾಗಿ ದೂರದೂರಿಗೆ ಹೋದರು. "ಹೋಗ್ಲಿ, ಚೆನ್ನಾಗಿರ್ಲಿ" ಎನ್ನುತ್ತ ದೊಡ್ಡಮ್ಮ ಗುಂಡಿ ಹಚ್ಚುತ್ತಿದ್ದರು. ಆಗೆಲ್ಲ ಗುಂಡಿಯ ದಾರ ಬೇಕಾದ್ದಕ್ಕಿಂತ ಬಿಗಿಯಾಗುತ್ತಿತ್ತು.

ಮೊನ್ನೆ ಅವರ ಸ್ವಿಚ್ ಬೋರ್ಡಿನಿಂದ ಸುಟ್ಟ ವಾಸನೆ ಬಂತೆಂದು ಕರೆದರು. ನಾನೋ ದೊಡ್ಡ ಪಂಡಿತ. ಕೆಳಗಿನ ಮೇನ್ ಮಾತ್ರ ಆರಿಸಿ, ಸ್ಟೂಲು ಹತ್ತಿ, ಕಪ್ಪಾಗಿದ್ದ ನ್ಯೂಟ್ರಲ್ ಗಂಟನ್ನು ಬಿಚ್ಚಿದೆ. ಮರುಕ್ಷಣ ಶಾಕ್ ಹೊಡೆದು ಬಟ್ಟೆ ರಾಶಿಯ ಮೇಲೆ ಬಿದ್ದಿದ್ದೆ. ಮಹಡಿಯಲ್ಲಿ ನನ್ನದೇ ಇಸ್ತ್ರಿಪೆಟ್ಟಿಗೆ ಕಾಯುತ್ತಿತ್ತು. ಮೇಲಿನ ಕೋಣೆ ಕಟ್ಟಿದಾಗ ಯಾರೋ ತಂತಿ ಉಳಿಸಲು ಹೋಗಿ, ಕರೆಂಟು ಹಿಂದಿರುಗುವ ಆ ನ್ಯೂಟ್ರಲ್ ತಂತಿಯನ್ನು ಮೇಲಕ್ಕೂ ಕೆಳಕ್ಕೂ ಒಂದೇ ಮಾಡಿದ್ದರು. ಕೆಳಗೆ ಆರಿಸಿದರೂ ಮೇಲಿನ ಕರೆಂಟು ಅದರಲ್ಲೇ ಬರುತ್ತಿತ್ತು.

"ಇದನ್ನ ಬೇರೆ ಮಾಡ್ಲೇಬೇಕು ದೊಡ್ಡಮ್ಮ. ಇಲ್ಲಾಂದ್ರೆ ಒಂದಿನ ಗೋಡೆಗೇ ಬೆಂಕಿ ಹಿಡಿಯುತ್ತೆ."

"ಇಷ್ಟು ವರ್ಷ ಏನೂ ಆಗಿಲ್ವಲ್ಲೋ."

"ಈಗ ನನಗೆ ಆಯ್ತಲ್ಲ."

"ನಿನಗಾಗಿದ್ದು ಯಾವ ಲೆಕ್ಕ ಬಿಡು." ನಗುತ್ತಲೇ ಮಿಷನ್ನಿನ ಮೇಲಿನ ದೀಪ ನೋಡಿದರು. "ಅವಳು ಇಸ್ತ್ರಿ ಹಾಕಿದ ತಕ್ಷಣ ಇದು ಮಂಕಾಗ್ತಿತ್ತು. ಓ, ಶುರು ಮಾಡಿದ್ಳು ಅಂತ ಹೊಲಿದಿದ್ದನ್ನ ಮೇಲೆ ಕಳಿಸ್ತಿದ್ದೆ. ಕೂಗೋದೇ ಬೇಕಿರಲಿಲ್ಲ. ಈಗ ನೀನು ಹಾಕಿದಾಗ್ಲೂ... ಒಂದು ಗಳಿಗೆ ಹಾಗನ್ಸುತ್ತೆ."

ಸಡಿಲ ಗಂಟಿನಿಂದ ದೀಪ ಮಂಕಾಗುತ್ತದೆಂದು ಪಾಠ ಹೇಳಲು ಹೊರಟವನು, ಬಿದ್ದ ಸ್ಟೂಲು ಎತ್ತಿ ನಿಲ್ಲಿಸಿದೆ.

"ಸರಿ ಮಾಡಿದ್ಮೇಲೆ ಮಂಕಾಗಲ್ವಾ?"

"ಇಲ್ಲ ದೊಡ್ಡಮ್ಮ."

ಕತ್ತರಿಯನ್ನು ಎತ್ತಿಟ್ಟು, ಮತ್ತೆ ಮೊದಲಿದ್ದಲ್ಲೇ ಇಟ್ಟರು. "ಮಾಡು. ಯಾವತ್ತಾದ್ರೂ ಬಂದ್ರೆ ಮೊದಲು ಇಸ್ತ್ರಿಗೇ ಕೈ ಹಾಕೋಳು ಅವಳು. ಅವಳಿಗೆ ಹೊಡೀಬಾರ್ದು."

ಎರಡೂ ಮೇನ್ ಆರಿಸಿ, ಮಹಡಿಗೆ ಬೇರೆ ನ್ಯೂಟ್ರಲ್ ಎಳೆದೆ. ಮೇಲೆ ಹೋಗಿ ಇಸ್ತ್ರಿಪೆಟ್ಟಿಗೆ ಹಾಕಿದೆ. ಅದರಡಿ ಮರೆತಿದ್ದ ಅಂಗಿಯ ಬೆನ್ನಿಗೆ ಅದರದೇ ಆಕಾರದ ಕಂದು ಗುರುತು ಬಿದ್ದಿತ್ತು.

ಕೆಳಗಿಳಿದಾಗ ದೀಪ ಅಲ್ಲಾಡದೆ ಉರಿಯುತ್ತಿತ್ತು. ದೊಡ್ಡಮ್ಮನ ಪಾದ ಪೆಡಲಿನ ಮೇಲಿತ್ತು, ಮಿಷನ್ ಓಡುತ್ತಿರಲಿಲ್ಲ.

"ಹಾಕಿದ್ಯೇನೋ?"

"ಹಾಕಿದೀನಿ."

"ಹೌದಾ?" ದೀಪದಿಂದ ಕಣ್ಣು ತೆಗೆಯದೆ ಹೇಳಿದರು, "ಯಾವುದಕ್ಕೂ ಇನ್ನೊಂದ್ಸಲ ಆರಿಸಿ ಹಾಕು, ನೋಡೋಣ."

ನಾನು ಮತ್ತೆ ಮೆಟ್ಟಿಲು ಹತ್ತಿದೆ.